ಲ್ಯಾಬಿನ ಎರಡು ಗಂಟೆಯನ್ನು ನಾಲ್ಕು ಗಂಟೆ ಮಾಡಿಕೊಳ್ಳುವುದು ಹೇಗೆ?



ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ವಾರಕ್ಕೆ ನಿಮಗೆ ಒಂದು ಕಂಪ್ಯೂಟರ್ ಲ್ಯಾಬ್, ಅದು ಎರಡು ಗಂಟೆ. ಪರೀಕ್ಷೆ, ರಜೆ, ಕ್ರೀಡಾಕೂಟ, ವಾರ್ಷಿಕೋತ್ಸವ ಎಲ್ಲ ಕಳೆದು ವರ್ಷಕ್ಕೆ 25 ಲ್ಯಾಬ್ ಸಿಕ್ಕಿತು ಅಂದುಕೊಳ್ಳಿ. ಒಟ್ಟು 50 ಗಂಟೆ. ಒಂದು ಕಂಪ್ಯೂಟರಿನ ಮುಂದೆ ಇಬ್ಬರು ಕೂರುತ್ತೀರಿ, ಹಾಗಾಗಿ ಒಬ್ಬರ ಕೈಗೆ ಕೀಬೋರ್ಡ್ ಸಿಗುವುದು 25 ಗಂಟೆ. ಇಡೀ ವರ್ಷಕ್ಕೆ ಸೇರಿ ಒಂದು ಹಗಲು, ಒಂದು ರಾತ್ರಿ, ಮೇಲೊಂದು ಗಂಟೆ! ಇಷ್ಟರಲ್ಲೇ ಪ್ರೋಗ್ರಾಮಿಂಗ್ ಕಲಿಯಬೇಕು, ರೆಕಾರ್ಡ್ ಮುಗಿಸಬೇಕು, ದ್ವಿತೀಯ ಪಿಯುಸಿಯಲ್ಲಿ 30 ಅಂಕದ ಪ್ರಾಯೋಗಿಕ ಪರೀಕ್ಷೆಗೆ ಸಿದ್ಧರಾಗಬೇಕು.

ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ಈ ಲೆಕ್ಕ ಅಷ್ಟು ಭಾರವಲ್ಲ. ಲ್ಯಾಬಿನಲ್ಲಿ ಉಳಿದದ್ದನ್ನು ರಾತ್ರಿ ಮನೆಯಲ್ಲಿ ಮುಗಿಸುತ್ತಾರೆ. ಆದರೆ ನಮ್ಮಲ್ಲಿ ಹಲವರಿಗೆ ಈ 25 ಗಂಟೆಯೇ ಎಲ್ಲ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಪಾಠ ಬರೆಯುತ್ತಿದ್ದೇನೆ. ಗಂಟೆ ಹೆಚ್ಚಿಸುವುದು ನನ್ನ ಕೈಯಲ್ಲಿಲ್ಲ. ಇರುವ ಗಂಟೆಯಲ್ಲಿ ಎಷ್ಟು ಕೆಲಸವಾಗಬೇಕು ಎನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಸಮಯ ಎಲ್ಲಿ ಹೋಗುತ್ತದೆ?

ಕೆಲವು ವಾರಗಳಿಂದ ನಾನು ಲ್ಯಾಬಿನಲ್ಲಿ ನಿಮ್ಮ ಬೆನ್ನ ಹಿಂದೆ ನಿಂತು ಸುಮ್ಮನೆ ಗಮನಿಸುತ್ತಿದ್ದೇನೆ. ಯಾರೂ ಸೋಮಾರಿಗಳಲ್ಲ. ಆದರೂ ಹೊತ್ತು ಹೋಗುತ್ತದೆ. ಕಳೆದ ವಾರದ ಫೈಲ್ ಎಲ್ಲಿದೆ ಎಂದು ಹುಡುಕುವುದರಲ್ಲಿ ಐದು ನಿಮಿಷ. ಕೈ ಕೀಬೋರ್ಡಿನಿಂದ ಮೌಸಿಗೆ, ಮೌಸಿನಿಂದ ಕೀಬೋರ್ಡಿಗೆ ಓಡಾಡುವುದರಲ್ಲಿ ಇನ್ನಷ್ಟು. ನೋಟ್‌ಬುಕ್ಕಿನಲ್ಲಿರುವ 30 ಸಾಲನ್ನೂ ಒಂದೇ ಉಸಿರಿಗೆ ಟೈಪ್ ಮಾಡಿ ಆಮೇಲೆ ಓಡಿಸುತ್ತೀರಿ. ಕೆಂಪು ಅಕ್ಷರ ಬರುತ್ತದೆ. ಒಂದು ತಿದ್ದಿದರೆ ಇನ್ನೊಂದು ಬರುತ್ತದೆ. ಕೊನೆಗೆ ಕೈ ಮೇಲೆತ್ತುತ್ತೀರಿ: "ಸರ್, ಬುಕ್ಕಲ್ಲಿ ಇರೋದೇ ಟೈಪ್ ಮಾಡಿದ್ದೀನಿ, ರನ್ ಆಗ್ತಿಲ್ಲ." ನಾನು ನಿಮ್ಮ ಬೆಂಚಿಗೆ ಬರುವಷ್ಟರಲ್ಲಿ ಬೇರೆ ನಾಲ್ಕು ಕೈ ಮೇಲೆದ್ದಿರುತ್ತವೆ.

ಇದರಲ್ಲಿ ಪ್ರೋಗ್ರಾಮಿನ ಬಗ್ಗೆ ಯೋಚಿಸಿದ ಹೊತ್ತು ಎಷ್ಟು? ಬಹಳ ಕಡಿಮೆ. ಆದ್ದರಿಂದ ಈ ಪಾಠದಲ್ಲಿ ನಾನು ಹೇಳುವುದು ಒಂದೇ ಮಾತು: ಕೈಯ ಕೆಲಸವನ್ನು ಆದಷ್ಟು ಕಡಿಮೆ ಮಾಡಿ, ತಲೆಯ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಮುಂದಿನದೆಲ್ಲ ಇದರ ವಿವರಣೆ.

ಬರೆ, ಓಡಿಸು, ನೋಡು, ತಿದ್ದು

ಪ್ರೋಗ್ರಾಮಿಂಗ್ ಒಂದು ಚಕ್ರ. ಬರೆಯುತ್ತೇವೆ, ಓಡಿಸುತ್ತೇವೆ, ಫಲಿತಾಂಶ ನೋಡುತ್ತೇವೆ, ತಿದ್ದುತ್ತೇವೆ, ಮತ್ತೆ ಓಡಿಸುತ್ತೇವೆ. ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದರ ಮೇಲೆ ನೀವು ಎಷ್ಟು ಬೇಗ ಕಲಿಯುತ್ತೀರಿ ಎನ್ನುವುದು ನಿಂತಿದೆ.

ನಮ್ಮ ಊರಿನಲ್ಲೇ ಈ ಚಕ್ರ ಹೇಗೆ ಚಿಕ್ಕದಾಗುತ್ತಾ ಬಂತು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಕಂಪ್ಯೂಟರ್ ಕೇಂದ್ರ ಆರಂಭವಾಯಿತು, ಐಬಿಎಂ 360/44 ಎಂಬ ಯಂತ್ರದೊಂದಿಗೆ. ಆ ಕಾಲದಲ್ಲಿ ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳ ಮೇಲೆ ತೂತು ಹೊಡೆದು ಬರೆಯುತ್ತಿದ್ದರು. ಒಂದು ಕಾರ್ಡಿಗೆ ಒಂದು ಸಾಲು, ಒಂದು ಸಾಲಿಗೆ 80 ಅಕ್ಷರ. ಕಾರ್ಡಿನ ಕಟ್ಟನ್ನು ಆಪರೇಟರ್ ಕೈಗೆ ಕೊಟ್ಟು ಬಂದರೆ ಫಲಿತಾಂಶಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಕಾಯಬೇಕಿತ್ತು. ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದರೆ ಆ ದಿನವೇ ಹೋಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂತು. ಅದರ ಮೊದಲ ಕಚೇರಿ ಇದ್ದದ್ದು ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ. ಕಂಟೋನ್ಮೆಂಟ್ ರೈಲು ನಿಲ್ದಾಣದ ಕಡೆಯಿಂದ ಬರುವವರಿಗೆ ಆ ರಸ್ತೆ ಗೊತ್ತು. ಉಪಗ್ರಹ ಸಂಪರ್ಕಕ್ಕೆ ಬೇಕಾದ ಡಿಶ್ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ತಂದರು ಎಂಬುದು ಬೆಂಗಳೂರಿನ ಐಟಿ ಇತಿಹಾಸದಲ್ಲಿ ಎಲ್ಲರೂ ಹೇಳುವ ಸಂಗತಿ. ಅಷ್ಟು ಕಷ್ಟಪಟ್ಟು ಆ ಆಂಟೆನಾ ತಂದದ್ದು ಯಾಕೆ? ಇಲ್ಲಿ ಕೂತ ಎಂಜಿನಿಯರ್ ಮಾಡಿದ ಕೆಲಸ ಅಮೆರಿಕದ ಕಚೇರಿಗೆ ತಲುಪುವುದಕ್ಕೂ, ಅಲ್ಲಿನ ಉತ್ತರ ಇಲ್ಲಿಗೆ ಬರುವುದಕ್ಕೂ ಕಾಯುವ ಹೊತ್ತನ್ನು ಕಡಿಮೆ ಮಾಡುವುದಕ್ಕೆ. ಅಲ್ಲೂ ಇದೇ ಚಕ್ರ.

ಇತ್ತ ಸಣ್ಣ ಕಂಪ್ಯೂಟರುಗಳಲ್ಲೂ ಬದಲಾವಣೆ ಆಯಿತು. 1983ರಲ್ಲಿ ಬೋರ್‌ಲ್ಯಾಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ಹೊರತಂದಿತು. ಬರೆಯುವ ಎಡಿಟರ್ ಮತ್ತು ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಎರಡನ್ನೂ ಅದು ಒಂದೇ ಕಡೆ ಕೂರಿಸಿತು. ಅದೇ ಕಂಪನಿಯ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯ ಮುಂದೆ ನಿಮ್ಮ ಅಣ್ಣಂದಿರು, ಅಕ್ಕಂದಿರು ಕೂತಿದ್ದರು. ಮನೆಯಲ್ಲಿ ಕೇಳಿ ನೋಡಿ. ಹೀಗೆ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದೇ ಸೂರಿನಡಿ ಇರುವ ತಂತ್ರಾಂಶಕ್ಕೆ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿ ಈಗ ಇರುವುದು ಪೈಥಾನ್ ಜೊತೆಗೇ ಉಚಿತವಾಗಿ ಬರುವ ಐಡಲ್. ಇದರಲ್ಲಿ ಒಂದು ಸುತ್ತಿಗೆ ಬೇಕಾದದ್ದು ಎರಡು ಸೆಕೆಂಡು. ಅಂದು ಒಂದು ದಿನ ಹಿಡಿಯುತ್ತಿದ್ದ ಕೆಲಸ ಇಂದು ಎರಡು ಸೆಕೆಂಡಿಗೆ ಇಳಿದಿದೆ.

ಆದರೆ ಕಾರ್ಡಿನ ಕಾಲದವರಿಗೆ ಒಂದು ಒಳ್ಳೆಯ ಅಭ್ಯಾಸ ಇತ್ತು. ಮರುದಿನದವರೆಗೆ ಕಾಯಬೇಕಾದ್ದರಿಂದ ಅವರು ಕಾರ್ಡ್ ಕೊಡುವ ಮುಂಚೆ ಪ್ರೋಗ್ರಾಮನ್ನು ಕಾಗದದ ಮೇಲೆ ಸಾಲು ಸಾಲಾಗಿ ನಡೆಸಿ ನೋಡುತ್ತಿದ್ದರು. ಎರಡು ಸೆಕೆಂಡಿನ ಸುಖ ನಮಗೆ ಬಂದ ಮೇಲೆ ಆ ಅಭ್ಯಾಸ ಹೋಯಿತು. ಯೋಚಿಸದೆ ಏನೋ ಒಂದು ಬದಲಿಸುವುದು, ಓಡಿಸುವುದು, ಮತ್ತೆ ಏನೋ ಬದಲಿಸುವುದು. ನಮಗೆ ಎರಡೂ ಬೇಕು. ಕೈಗೆ ಇಂದಿನ ವೇಗ, ತಲೆಗೆ ಅಂದಿನ ನಿಧಾನ.

ಮೊದಲು ಮೇಜು ಸಿದ್ಧವಾಗಲಿ

ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ ಟೈಲರ್ ಅಂಗಡಿಗಳನ್ನು ನೋಡಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯಲ್ಲೇ ಆ ಕೆಲಸ ಇದೆ. ಅಳತೆಯ ಟೇಪು ಯಾವಾಗಲೂ ಕುತ್ತಿಗೆಯಲ್ಲೇ ಇರುತ್ತದೆ. ಕತ್ತರಿ ಬಲಗೈ ಪಕ್ಕ, ಸೀಮೆಸುಣ್ಣ ಅದರ ಜಾಗದಲ್ಲಿ. ಅವರು ಕತ್ತರಿಯನ್ನು ಹುಡುಕುವುದನ್ನು ನಾನು ನೋಡಿಲ್ಲ. ಲ್ಯಾಬಿನಲ್ಲಿ ನಿಮ್ಮ ಮೇಜೂ ಹಾಗೆ ಇರಬೇಕು. ಒಂದೇ ಸಲ ಮಾಡಿದರೆ ಸಾಕಾಗುವ ನಾಲ್ಕು ಕೆಲಸ ಹೇಳುತ್ತೇನೆ.

1. ನಿಮ್ಮ ರಿಜಿಸ್ಟರ್ ನಂಬರಿನ ಹೆಸರಿನಲ್ಲಿ ಒಂದೇ ಒಂದು ಫೋಲ್ಡರ್ ಮಾಡಿ. ಎಲ್ಲ ಪ್ರೋಗ್ರಾಮೂ ಅದರಲ್ಲೇ. ಡೆಸ್ಕ್‌ಟಾಪಿನಲ್ಲಿ ಒಂದು, ಡೌನ್‌ಲೋಡ್ಸ್‌ನಲ್ಲಿ ಒಂದು ಬೇಡ.

2. ಫೈಲಿಗೆ ಅರ್ಥವಿರುವ ಹೆಸರು ಕೊಡಿ. "ಹೊಸದು", "ಹೊಸದು 2", "ಕೊನೆಯದು" ಎಂದು ಇಟ್ಟರೆ ಮುಂದಿನ ವಾರ ನಿಮಗೇ ಗುರುತು ಸಿಗುವುದಿಲ್ಲ. ಪ್ರೋಗ್ರಾಮಿನ ಕ್ರಮಸಂಖ್ಯೆ ಮತ್ತು ಅದು ಮಾಡುವ ಕೆಲಸ ಎರಡೂ ಹೆಸರಿನಲ್ಲಿರಲಿ. ಒಂದು ಎಚ್ಚರಿಕೆ: ರ್ಯಾಂಡಮ್, ಸ್ಟ್ಯಾಟಿಸ್ಟಿಕ್ಸ್ ಎಂಬ ಪೈಥಾನ್ ಮಾಡ್ಯೂಲುಗಳ ಹೆಸರನ್ನೇ ನಿಮ್ಮ ಫೈಲಿಗೆ ಇಡಬೇಡಿ. ಇಂಪೋರ್ಟ್ ಮಾಡಿದಾಗ ಪೈಥಾನ್ ತನ್ನ ಮಾಡ್ಯೂಲನ್ನು ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಆಗ ಬರುವ ಎರರ್ ಅರ್ಥ ಮಾಡಿಕೊಳ್ಳುವುದರಲ್ಲೇ ಅರ್ಧ ಲ್ಯಾಬ್ ಮುಗಿಯುತ್ತದೆ.

3. ಆಪ್ಷನ್ಸ್ ಮೆನುವಿನಲ್ಲಿ ಸಾಲಿನ ಸಂಖ್ಯೆ ತೋರಿಸುವ ಆಯ್ಕೆ ಇದೆ. ಹಾಕಿಕೊಳ್ಳಿ. ಎರರ್ ಬಂದಾಗ ಪೈಥಾನ್ ಸಾಲಿನ ಸಂಖ್ಯೆ ಹೇಳುತ್ತದೆ. ಆಮೇಲೆ ಬೆರಳಿಟ್ಟು ಎಣಿಸುತ್ತಾ ಕೂರಬೇಕಿಲ್ಲ. ಅಕ್ಷರದ ಗಾತ್ರವನ್ನೂ ಅಲ್ಲೇ ದೊಡ್ಡದು ಮಾಡಿಕೊಳ್ಳಿ. ಪಕ್ಕದಲ್ಲಿ ಕೂತ ಗೆಳೆಯನಿಗೂ ಕಾಣಬೇಕಲ್ಲ.

4. ಓಡಿಸುವ ಪ್ರತಿ ಸಲ "ಸೇವ್ ಮಾಡಲೇ?" ಎಂದು ಐಡಲ್ ಕೇಳುತ್ತದೆ. ಕೇಳದೆ ತಾನೇ ಸೇವ್ ಮಾಡಿಕೊಳ್ಳುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಒಂದು ಲ್ಯಾಬಿನಲ್ಲಿ 40 ಸಲ ಓಡಿಸಿದರೆ 40 ಕ್ಲಿಕ್ ಉಳಿಯಿತು. ಕರೆಂಟ್ ಹೋದರೂ ಕೊನೆಯ ಸಲ ಓಡಿಸಿದ್ದು ಫೈಲಿನಲ್ಲಿ ಭದ್ರವಾಗಿರುತ್ತದೆ.

ಬೆರಳಿಗೆ ಬರಬೇಕಾದ ಕೆಲವು ಕೀಲಿಗಳು

ಕೀಲಿಮಣೆಯಲ್ಲಿ ಒಂದೊಂದು ಒತ್ತನ್ನು ಉಳಿಸುವುದು ಸಣ್ಣ ವಿಷಯವಲ್ಲ. ಕನ್ನಡಕ್ಕಾಗಿ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ನೋಡಿ. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ, ಶಿಫ್ಟ್ ಸಹಾಯದಿಂದ, ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿದರು. ಕೈ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂದು ಯಾರೋ ಮೊದಲೇ ಯೋಚಿಸಿದ್ದರಿಂದ ನಾವು ಸಲೀಸಾಗಿ ಟೈಪ್ ಮಾಡುತ್ತೇವೆ. ಐಡಲ್ ಮಾಡಿದವರೂ ನಮಗಾಗಿ ಕೆಲವು ಕೀಲಿಗಳನ್ನು ಇಟ್ಟಿದ್ದಾರೆ. ವಿಂಡೋಸ್ ಯಂತ್ರದಲ್ಲಿ ಅವು ಹೀಗಿವೆ:

ಎಫ್5: ಪ್ರೋಗ್ರಾಮ್ ಓಡಿಸಲು.
ಕಂಟ್ರೋಲ್ ಮತ್ತು ಝಡ್: ಈಗ ಮಾಡಿದ್ದನ್ನು ರದ್ದು ಮಾಡಲು.
ಆಲ್ಟ್ ಮತ್ತು ಜಿ: ಬೇಕಾದ ಸಂಖ್ಯೆಯ ಸಾಲಿಗೆ ನೇರವಾಗಿ ಹೋಗಲು.
ಕಂಟ್ರೋಲ್ ಮತ್ತು ಚೌಕ ಆವರಣದ ಕೀಲಿ: ಆಯ್ದ ಸಾಲುಗಳನ್ನು ಒಟ್ಟಿಗೆ ಒಳಗೆ ಸರಿಸಲು ಮುಚ್ಚುವ ಆವರಣ, ಹೊರಗೆ ತರಲು ತೆರೆಯುವ ಆವರಣ.
ಆಲ್ಟ್ ಮತ್ತು 3: ಆಯ್ದ ಸಾಲುಗಳನ್ನು ಕಾಮೆಂಟ್ ಮಾಡಿ ತಾತ್ಕಾಲಿಕವಾಗಿ ನಿಲ್ಲಿಸಲು. ಆಲ್ಟ್ ಮತ್ತು 4: ಅವನ್ನು ಮತ್ತೆ ಚಾಲೂ ಮಾಡಲು.
ಆಲ್ಟ್ ಮತ್ತು ಪಿ: ಶೆಲ್‌ನಲ್ಲಿ ಮೊದಲು ಬರೆದ ಸಾಲನ್ನು ವಾಪಸ್ ತರಲು.
ಕಂಟ್ರೋಲ್ ಮತ್ತು ಸಿ: ಶೆಲ್‌ನಲ್ಲಿ, ಮುಗಿಯದೆ ಸುತ್ತುತ್ತಿರುವ ಲೂಪನ್ನು ನಿಲ್ಲಿಸಲು.

ಎಲ್ಲವನ್ನೂ ಒಂದೇ ದಿನ ಬಾಯಿಪಾಠ ಮಾಡಬೇಡಿ, ಅದರಿಂದ ಪ್ರಯೋಜನವಿಲ್ಲ. ವಾರಕ್ಕೆ ಎರಡು ಆರಿಸಿ ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಇಟ್ಟುಕೊಳ್ಳಿ. ಆ ವಾರ ಆ ಕೆಲಸಕ್ಕೆ ಮೌಸ್ ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ. ಒಂದು ತಿಂಗಳಲ್ಲಿ ಎಲ್ಲವೂ ಬೆರಳಿಗೆ ಬರುತ್ತವೆ.

ಐದು ಸಾಲಿಗೊಮ್ಮೆ ಟ್ರಯಲ್

ಮತ್ತೆ ಟೈಲರ್ ಬಳಿಗೆ ಬರೋಣ. ಬೆಲೆಬಾಳುವ ಶೇರ್ವಾನಿ ಹೊಲಿಯುವಾಗ ಮೊದಲೇ ಗಟ್ಟಿ ಹೊಲಿಗೆ ಹಾಕುವುದಿಲ್ಲ. ಉದ್ದುದ್ದ ಟಾಕಿ ಹಾಕಿ, ಗಿರಾಕಿಗೆ ತೊಡಿಸಿ, ಭುಜ ಸರಿಯಿದೆಯೇ, ತೋಳು ಸರಿಯಿದೆಯೇ ನೋಡುತ್ತಾರೆ. ಪೂರ್ತಿ ಹೊಲಿದ ಮೇಲೆ ಭುಜ ಬಿಗಿ ಎಂದು ಗೊತ್ತಾದರೆ ಬಿಚ್ಚುವ ಕೆಲಸವೇ ದೊಡ್ಡದಾಗುತ್ತದೆ.

30 ಸಾಲಿನ ಪ್ರೋಗ್ರಾಮನ್ನೂ ಹಾಗೆಯೇ ಕಟ್ಟಬೇಕು. ಮೊದಲು ಇನ್‌ಪುಟ್ ತೆಗೆದುಕೊಳ್ಳುವ ಎರಡು ಮೂರು ಸಾಲು ಬರೆಯಿರಿ, ಪ್ರಿಂಟ್ ಮಾಡಿ ಓಡಿಸಿ. ಸರಿ ಇದೆಯೇ? ಮುಂದಿನ ಐದು ಸಾಲು. ಓಡಿಸಿ. ಹೀಗೆ ಮಾಡಿದರೆ ಎರರ್ ಬಂದಾಗ ಅದು ಎಲ್ಲಿದೆ ಎಂದು ಹುಡುಕುವ ಪ್ರಶ್ನೆಯೇ ಏಳುವುದಿಲ್ಲ. ಈಗ ತಾನೇ ಬರೆದ ಐದು ಸಾಲಿನಲ್ಲೇ ಇರಬೇಕು. 30 ಸಾಲು ಒಟ್ಟಿಗೆ ಬರೆದವರು 30 ಸಾಲಿನಲ್ಲೂ ಹುಡುಕಬೇಕು.

ಇನ್ನೊಂದು ನಿಯಮ: ಎಫ್5 ಒತ್ತುವ ಮುಂಚೆ ಏನು ಉತ್ತರ ಬರಬೇಕು ಎಂದು ಪಕ್ಕದ ಹಾಳೆಯಲ್ಲಿ ಬರೆಯಿರಿ. ಒಂದೇ ಸಂಖ್ಯೆ ಸಾಕು. ಈ ಹತ್ತು ಸೆಕೆಂಡು ದಂಡ ಎನಿಸಬಹುದು. ಇದರ ಬೆಲೆ ಏನೆಂದು ಮುಂದಿನ ಉದಾಹರಣೆಯಲ್ಲಿ ತಿಳಿಯುತ್ತದೆ.

ಕೆಂಪು ಅಕ್ಷರಕ್ಕೆ ಹೆದರಬೇಡಿ

ಕೆಂಪು ಅಕ್ಷರ ಬಂದ ಕೂಡಲೇ ಕಣ್ಣು ಬೇರೆ ಕಡೆ ಹೋಗುತ್ತದೆ, ಕೈ ಮೇಲೇಳುತ್ತದೆ. ಅದು ಬೈಗುಳವಲ್ಲ, ವಿಳಾಸ. ಓದುವ ಕ್ರಮ ಮಾತ್ರ ತಿಳಿದಿರಬೇಕು. ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲು ಏನು ತಪ್ಪಾಯಿತು ಎಂದು ಹೇಳುತ್ತದೆ. ಅದರ ಮೇಲಿನ ಸಾಲುಗಳು ಎಲ್ಲಿ ತಪ್ಪಾಯಿತು ಎಂದು ಹೇಳುತ್ತವೆ.

ನೇಮ್‌ಎರರ್ ಎಂದರೆ ನೀವು ಬಳಸಿದ ಹೆಸರು ಪೈಥಾನ್‌ಗೆ ಪರಿಚಯವಿಲ್ಲ. ಹೆಚ್ಚಿನ ಸಲ ಅದು ಕಾಗುಣಿತದ ತಪ್ಪು, ಅಥವಾ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ. ಇಂಡೆಂಟೇಷನ್‌ಎರರ್ ಎಂದರೆ ಸಾಲಿನ ಮುಂದಿನ ಖಾಲಿ ಜಾಗ ಹೊಂದಿಕೆಯಾಗಿಲ್ಲ. ಟೈಪ್‌ಎರರ್ ಎಂದರೆ ಕೂಡಲಾಗದ ಎರಡನ್ನು ಕೂಡಲು ಹೊರಟಿದ್ದೀರಿ. ಇನ್‌ಪುಟ್‌ನಿಂದ ಬಂದದ್ದನ್ನು ಸಂಖ್ಯೆಯಾಗಿ ಬದಲಿಸದೆ ಲೆಕ್ಕಕ್ಕೆ ಹಾಕಿದರೆ ಹೀಗಾಗುತ್ತದೆ. ಸಿಂಟ್ಯಾಕ್ಸ್‌ಎರರ್ ಎಂದರೆ ವ್ಯಾಕರಣ ತಪ್ಪಿದೆ. ಅದು ತೋರಿಸುವ ಸಾಲು ಸರಿಯಾಗಿಯೇ ಕಂಡರೆ ಹಿಂದಿನ ಸಾಲನ್ನು ನೋಡಿ, ಅಲ್ಲಿ ಆವರಣ ಮುಚ್ಚದೆ ಬಿಟ್ಟಿರಬಹುದು. ಪೈಥಾನ್ 3.10ರಿಂದ ಈ ಸಂದೇಶಗಳು ಇನ್ನೂ ಸ್ಪಷ್ಟವಾಗಿವೆ. ಮುಚ್ಚದ ಆವರಣ ಯಾವುದು ಎಂದು ತೋರಿಸುತ್ತವೆ, ತಪ್ಪು ಹೆಸರಿಗೆ ಹತ್ತಿರದ ಸರಿ ಹೆಸರನ್ನೂ ಸೂಚಿಸುತ್ತವೆ.

ಈ ನಾಲ್ಕು ಗುರುತಾದರೆ ಲ್ಯಾಬಿನಲ್ಲಿ ಏಳುವ ಕೈಗಳು ಅರ್ಧದಷ್ಟಾದರೂ ಇಳಿಯುತ್ತವೆ ಎಂಬುದು ನನ್ನ ಅಂದಾಜು.

ಎರರ್ ಇಲ್ಲ, ಉತ್ತರ ಮಾತ್ರ ತಪ್ಪು

ಕೆಂಪು ಅಕ್ಷರವೇ ಬರದ ತಪ್ಪು ಎಲ್ಲಕ್ಕಿಂತ ಅಪಾಯಕಾರಿ. ಐದು ವಿಷಯಗಳ ಅಂಕ ಕೊಟ್ಟು ಸರಾಸರಿ ಕಂಡುಹಿಡಿಯುವ ಪ್ರೋಗ್ರಾಮ್ ತೆಗೆದುಕೊಳ್ಳಿ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೂ ಇಡಬಹುದು (ಪರೀಕ್ಷೆಯಲ್ಲಿ ಮಾತ್ರ ಪಠ್ಯಪುಸ್ತಕದ ರೀತಿಯಲ್ಲೇ ಬರೆಯಿರಿ). ಮೊದಲ ಸಾಲು ಹೀಗಿದೆ:

ಅಂಕಗಳು = [72, 65, 80, 58, 90]

ಎರಡನೆಯ ಸಾಲು ಈ ಪಟ್ಟಿಯಿಂದ ಒಂದೊಂದೇ ಅಂಕ ತೆಗೆಯುವ ಫಾರ್ ಲೂಪ್. ಲೂಪಿನ ಒಳಗೆ ಮೂರನೆಯ ಮತ್ತು ನಾಲ್ಕನೆಯ ಸಾಲು:

ಮೊತ್ತ = 0
ಮೊತ್ತ = ಮೊತ್ತ + ಅಂಕ

ಲೂಪಿನ ಹೊರಗೆ ಐದನೆಯ ಸಾಲು:

ಸರಾಸರಿ = ಮೊತ್ತ / 5

ಕೊನೆಗೆ ಸರಾಸರಿಯನ್ನು ಪ್ರಿಂಟ್ ಮಾಡುತ್ತೇವೆ. ಓಡಿಸಿದರೆ ಯಾವ ಎರರೂ ಇಲ್ಲ. ಉತ್ತರ 18.0.

ಉತ್ತರ ಬಂತಲ್ಲ ಎಂದು ರೆಕಾರ್ಡಿಗೆ ಬರೆದುಕೊಂಡು ಹೋಗುವವರಿದ್ದಾರೆ. ಆದರೆ ಐದೂ ಅಂಕಗಳು 58ಕ್ಕಿಂತ ಕಡಿಮೆಯಿಲ್ಲ. ಸರಾಸರಿ 18 ಆಗಲು ಹೇಗೆ ಸಾಧ್ಯ? ಎಫ್5 ಒತ್ತುವ ಮುಂಚೆ ಹಾಳೆಯಲ್ಲಿ "58ಕ್ಕೂ 90ಕ್ಕೂ ನಡುವೆ" ಎಂದು ಬರೆದವರಿಗೆ ತಕ್ಷಣ ಅನುಮಾನ ಬರುತ್ತದೆ.

ಈಗ ಊಹೆ ಮಾಡುತ್ತಾ ಕೂರಬೇಡಿ, ಡೀಬಗರ್ ತೆರೆಯಿರಿ. ಶೆಲ್ ಕಿಟಕಿಯ ಡೀಬಗ್ ಮೆನುವಿನಲ್ಲಿ ಡೀಬಗರ್ ಆರಿಸಿ. ಪ್ರೋಗ್ರಾಮಿನ ನಾಲ್ಕನೆಯ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಬ್ರೇಕ್‌ಪಾಯಿಂಟ್ ಇಡಿ, ಸಾಲು ಹಳದಿಯಾಗುತ್ತದೆ. ಎಫ್5 ಒತ್ತಿ, ಆಮೇಲೆ ಡೀಬಗರ್ ಕಿಟಕಿಯಲ್ಲಿ ಗೋ ಗುಂಡಿ ಒತ್ತಿ. ಆ ಸಾಲು ನಡೆಯುವ ಮುಂಚೆ ಪ್ರೋಗ್ರಾಮ್ ನಿಲ್ಲುತ್ತದೆ, ಕೆಳಗೆ ವೇರಿಯಬಲ್‌ಗಳ ಬೆಲೆ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಅಂಕ 72, ಮೊತ್ತ 0. ಸರಿ. ಮತ್ತೆ ಗೋ. ಎರಡನೆಯ ಸುತ್ತಿನಲ್ಲಿ ಅಂಕ 65, ಮೊತ್ತ 72 ಇರಬೇಕು. ಆದರೆ 0 ಇದೆ! ಮೂರನೆಯ ಸುತ್ತಿನಲ್ಲೂ 0. ಪ್ರತಿ ಸುತ್ತಿನಲ್ಲೂ ಯಾರೋ ಮೊತ್ತವನ್ನು ಸೊನ್ನೆ ಮಾಡುತ್ತಿದ್ದಾರೆ. ಆ ಯಾರೋ ಲೂಪಿನ ಒಳಗೆ ಕೂತಿರುವ ಮೂರನೆಯ ಸಾಲು. ಅದನ್ನು ಲೂಪಿನ ಮೇಲಕ್ಕೆ ಒಯ್ದರೆ ಮೊತ್ತ 365, ಸರಾಸರಿ 73.0.

ಒಂದೊಂದೇ ಸಾಲು ಮುಂದೆ ಹೋಗಲು ಓವರ್ ಗುಂಡಿ ಬಳಸಿ. ಸ್ಟೆಪ್ ಒತ್ತಿದರೆ ಪ್ರಿಂಟ್ ಸಾಲು ಬಂದಾಗ ಐಡಲ್‌ನ ಸ್ವಂತ ಕೋಡಿನ ಒಳಗೆ ಹೋಗಿ ದಾರಿ ತಪ್ಪುತ್ತೀರಿ.

ಎರಡು ನಿಮಿಷದ ಕೆಲಸ. ಲೂಪ್ ಎಂದರೇನು ಎಂದು ನಾನು ಕಪ್ಪು ಹಲಗೆಯ ಮೇಲೆ ಅರ್ಧ ಗಂಟೆ ಹೇಳಿದರೂ ಅರ್ಥವಾಗದವರಿಗೆ ಇಲ್ಲಿ ಅದು ಕಣ್ಣೆದುರೇ ಸುತ್ತುತ್ತದೆ.

ಶೆಲ್ ಎಂದರೆ ಪ್ರಶ್ನೆ ಕೇಳುವ ಜಾಗ

ಹಲವರಿಗೆ ಶೆಲ್ ಕೇವಲ ಉತ್ತರ ಕಾಣಿಸುವ ಕಿಟಕಿ. ಅಲ್ಲಿ ಪ್ರಶ್ನೆಯನ್ನೂ ಕೇಳಬಹುದು. ಋಣ ಸಂಖ್ಯೆಯನ್ನು ಪೂರ್ಣಾಂಕ ಭಾಗಾಕಾರ ಮಾಡಿದರೆ ಏನು ಬರುತ್ತದೆ? -17 // 5 ಎಂದು ಬರೆದು ಎಂಟರ್ ಒತ್ತಿ. -3 ಬರುತ್ತದೆ ಅಂದುಕೊಂಡವರಿಗೆ -4 ಕಾಣುತ್ತದೆ. ಯಾಕೆ? ಪೈಥಾನ್ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಈ ಉತ್ತರ ನಿಮಗೆ ಇನ್ನು ಮರೆಯುವುದಿಲ್ಲ, ಏಕೆಂದರೆ ಕೇಳಿದವರು ನೀವೇ.

ಇನ್ನೊಂದು: "ಕನ್ನಡ" ಎಂಬ ಪದದ ಉದ್ದ ಎಷ್ಟು ಎಂದು ಲೆನ್ ಫಂಕ್ಷನ್‌ನಿಂದ ಕೇಳಿ. ನಮ್ಮ ಕಿವಿಗೆ ಮೂರು ಅಕ್ಷರ. ಪೈಥಾನ್ 5 ಎನ್ನುತ್ತದೆ. ಯೂನಿಕೋಡ್‌ನಲ್ಲಿ ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಹೀಗೆ ಐದು ಸಂಕೇತಗಳಿವೆ. ಪೈಥಾನ್ ಮೊದಲು ಬಿಡುಗಡೆಯಾದದ್ದೂ ಕನ್ನಡ ಲಿಪಿ ಒಳಗೊಂಡ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ 1991ರಲ್ಲೇ. ಉರ್ದು ಬರೆಯಬಲ್ಲವರು ನಿಮ್ಮ ಹೆಸರನ್ನು ಉರ್ದುವಿನಲ್ಲಿ ಬರೆದು ಇದೇ ಪ್ರಶ್ನೆ ಕೇಳಿ ನೋಡಿ, ಜೇರ್ ಜಬರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ.

ಒಂದು ಕೀಬೋರ್ಡ್, ಇಬ್ಬರು

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಇಬ್ಬರು ಕೂತಾಗ ಕೀಬೋರ್ಡ್ ಯಾರ ಕೈಗೆ ಹೋಗುತ್ತದೆ ಎಂದು ಗಮನಿಸಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಇರುವವರ ಕೈಗೆ. ಅವರಿಗೆ ಟೈಪಿಂಗ್ ಬೇಗ ಬರುತ್ತದೆ, ಕೆಲಸ ಬೇಗ ಮುಗಿಯುತ್ತದೆ ಎಂದು ಇನ್ನೊಬ್ಬರೂ ಸುಮ್ಮನಿರುತ್ತಾರೆ. ಆರಂಭದಲ್ಲಿ ಹೇಳಿದ 25 ಗಂಟೆ ಒಬ್ಬರಿಗೆ 45 ಆಗುತ್ತದೆ, ಇನ್ನೊಬ್ಬರಿಗೆ 5. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಆದರೆ ಎರಡು ವರ್ಷ ಹೀಗೆ ನಡೆದರೆ ಪ್ರಾಯೋಗಿಕ ಪರೀಕ್ಷೆಯ ದಿನ ಒಬ್ಬರೇ ಕೂರಬೇಕಾದಾಗ ಬೆರಳು ನಡುಗುತ್ತದೆ.

ಆದ್ದರಿಂದ ಮುಂದಿನ ಲ್ಯಾಬಿನಿಂದ ಒಂದು ನಿಯಮ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಮೊದಲು ಕೀಬೋರ್ಡ್ ಹಿಡಿಯಬೇಕು. 15 ನಿಮಿಷಕ್ಕೊಮ್ಮೆ ಬದಲಾವಣೆ. ಕೀಬೋರ್ಡ್ ಇಲ್ಲದವರು ಪ್ರೇಕ್ಷಕರಲ್ಲ. ಬರಬೇಕಾದ ಉತ್ತರವನ್ನು ಹಾಳೆಯಲ್ಲಿ ಬರೆಯುವುದು, ಎರರ್ ಬಂದಾಗ ಕೆಳಗಿನಿಂದ ಗಟ್ಟಿಯಾಗಿ ಓದುವುದು, "ಆ ಸಾಲು ಲೂಪಿನ ಒಳಗಿದೆಯಲ್ಲ?" ಎಂದು ಕೇಳುವುದು ಅವರ ಕೆಲಸ. ಪಕ್ಕದವರ ಕೀಬೋರ್ಡಿಗೆ ಕೈ ಹಾಕಿ ತಿದ್ದುವುದು ನಿಷಿದ್ಧ, ಬಾಯಲ್ಲಿ ಹೇಳಿ. ತಿಳಿದವರಿಗೂ ಇದರಿಂದ ಲಾಭ. ಬಾಯಲ್ಲಿ ಬಿಡಿಸಿ ಹೇಳಲಾಗದ ವಿಷಯ ನಮಗೆ ಪೂರ್ತಿ ತಿಳಿದಿಲ್ಲ ಎಂದು ಹೇಳುವಾಗಲೇ ಗೊತ್ತಾಗುತ್ತದೆ.

ಲ್ಯಾಬಿನ ಹೊರಗೂ ಮಾಡಬಹುದಾದ ಕೆಲಸವಿದೆ. ಕೆ.ಆರ್. ಪುರದಿಂದ ಹಲಸೂರಿಗೆ ಮೆಟ್ರೊದಲ್ಲಿ ಬರುವವರು ಆ ದಾರಿಯಲ್ಲಿ ಒಂದು ಪ್ರೋಗ್ರಾಮನ್ನು ಪೆನ್ಸಿಲಿನಿಂದ ನಡೆಸಿ ನೋಡಬಹುದು: ಪ್ರತಿ ಸುತ್ತಿಗೂ ಒಂದು ಸಾಲು, ಪ್ರತಿ ವೇರಿಯಬಲ್‌ಗೂ ಒಂದು ಕಂಬ. ಕಾರ್ಡಿನ ಕಾಲದವರು ಮಾಡುತ್ತಿದ್ದದ್ದು ಇದನ್ನೇ. ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಸಿಗುವವರು ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಪೈಥಾನ್ ಓಡುತ್ತದೆ. ಅಮ್ಮಿಯ ಫೋನು ಅರ್ಧ ಗಂಟೆ ಸಿಕ್ಕರೂ ಸಾಕು. ಲ್ಯಾಬಿಗೆ ಬರುವಾಗ ಏನು ಬರೆಯಬೇಕು ಎಂಬುದು ಹಾಳೆಯಲ್ಲಿ ಸಿದ್ಧವಾಗಿದ್ದರೆ ಎರಡು ಗಂಟೆಯೂ ಕಂಪ್ಯೂಟರಿನಿಂದ ಮಾತ್ರ ಆಗುವ ಕೆಲಸಕ್ಕೆ ಸಿಗುತ್ತದೆ.

ಯಂತ್ರವೇ ಬರೆದುಕೊಟ್ಟರೆ?

ಲ್ಯಾಪ್‌ಟಾಪ್ ಇರುವ ಕೆಲವರು ವಿಎಸ್ ಕೋಡ್ ಬಳಸುತ್ತೀರಿ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಒಳ್ಳೆಯ ಎಡಿಟರ್ ಅದು, ಕಂಪನಿಗಳಲ್ಲೂ ಬಳಕೆಯಲ್ಲಿದೆ. ಅದರಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕವನ್ನೂ ಹಾಕಿಕೊಳ್ಳಬಹುದು. ನೀವು ಅರ್ಧ ಸಾಲು ಬರೆದರೆ ಅದು ಹತ್ತು ಸಾಲು ಬರೆದುಕೊಡುತ್ತದೆ. "ಸರ್, ಇದಕ್ಕಿಂತ ಬೇಗ ಬೇರೇನಿದೆ?" ಎಂದು ಒಬ್ಬ ಕೇಳಿದ.

ಮೊದಲು ಹೇಳಿದ ಮಾತನ್ನೇ ಇಲ್ಲಿ ಇಟ್ಟು ಅಳೆಯಿರಿ. ಆವರಣ ಮುಚ್ಚುವುದು, ಉದ್ದದ ಹೆಸರನ್ನು ಪೂರ್ತಿ ಮಾಡುವುದು, ಸಾಲುಗಳನ್ನು ಒಳಗೆ ಸರಿಸುವುದು ಕೈಯ ಕೆಲಸ. ಯಂತ್ರಕ್ಕೆ ಬಿಡಿ. ಮೊತ್ತವನ್ನು ಲೂಪಿನ ಒಳಗೆ ಸೊನ್ನೆ ಮಾಡಬೇಕೇ ಹೊರಗೆ ಮಾಡಬೇಕೇ ಎನ್ನುವುದು ತಲೆಯ ಕೆಲಸ. ಕಲಿಯುವ ದಿನಗಳಲ್ಲಿ ಅದನ್ನೂ ಯಂತ್ರಕ್ಕೆ ಬಿಟ್ಟರೆ ನಿಮ್ಮ ರೆಕಾರ್ಡ್ ತುಂಬುತ್ತದೆ, ತಲೆ ತುಂಬುವುದಿಲ್ಲ. ಕಂಪನಿಯಲ್ಲಿ ಅನುಭವಿ ಎಂಜಿನಿಯರ್ ಅದನ್ನು ಬಳಸಿದರೆ ಅರ್ಥವಿದೆ, ಏಕೆಂದರೆ ಯಂತ್ರ ತಪ್ಪು ಬರೆದಾಗ ಅವರಿಗೆ ಗುರುತು ಸಿಗುತ್ತದೆ. 18.0 ಎಂಬ ಉತ್ತರ ನೋಡಿ ಅನುಮಾನ ಪಡುವ ಶಕ್ತಿಯನ್ನು ಯಾವ ತಂತ್ರಾಂಶವೂ ನಿಮಗೆ ಹಾಕಿಕೊಡುವುದಿಲ್ಲ. ಪರೀಕ್ಷೆಯ ಕೊಠಡಿಯಲ್ಲಂತೂ ಆ ಸಹಾಯಕ ಇರುವುದೇ ಇಲ್ಲ.

ಹಾಗಾಗಿ ಸದ್ಯಕ್ಕೆ ಒಂದೇ ಪರಿಸರವನ್ನು ಚೆನ್ನಾಗಿ ಕಲಿಯಿರಿ. ಓಡಿಸುವುದು, ಸಾಲಿಗೆ ಹಾರುವುದು, ಬ್ರೇಕ್‌ಪಾಯಿಂಟ್ ಇಡುವುದು, ಎರರ್ ಓದುವುದು ಎಲ್ಲ ಎಡಿಟರಿನಲ್ಲೂ ಇವೆ; ಕೀಲಿ ಬದಲಾಗಬಹುದು, ಕ್ರಮ ಬದಲಾಗುವುದಿಲ್ಲ. ಐಡಲ್‌ನಲ್ಲಿ ಕೈ ಪಳಗಿದವರಿಗೆ ಬೇರೆಯದು ಒಂದು ವಾರದ ಕೆಲಸ.

ಮುಂದಿನ ಲ್ಯಾಬಿಗೆ

ಬರುವಾಗ ಮೂರು ತನ್ನಿ. ಒಂದು, ಈ ವಾರ ಕಲಿಯಲು ಆರಿಸಿಕೊಂಡ ಎರಡು ಕೀಲಿಗಳ ಚೀಟಿ. ಎರಡು, ಐದು ಅಂಕಗಳಲ್ಲಿ ಅತಿ ಹೆಚ್ಚಿನದನ್ನು ಕಂಡುಹಿಡಿಯುವ ಪ್ರೋಗ್ರಾಮ್, ಹಾಳೆಯ ಮೇಲೆ ಪೆನ್ಸಿಲಿನಿಂದ ಸುತ್ತು ಸುತ್ತಾಗಿ ನಡೆಸಿದ್ದು. ಮೂರು, ಆ ಹಾಳೆಯ ಕೆಳಗೆ ನೀವು ನಿರೀಕ್ಷಿಸುವ ಉತ್ತರ. ಲ್ಯಾಬಿನಲ್ಲಿ ಟೈಪ್ ಮಾಡಿ, ಡೀಬಗರಿನಲ್ಲಿ ನಡೆಸಿ, ಹಾಳೆಯ ಕಂಬಗಳೂ ಪರದೆಯ ಬೆಲೆಗಳೂ ಸುತ್ತು ಸುತ್ತಿಗೂ ಹೊಂದುತ್ತವೆಯೇ ನೋಡಿ. ಎಲ್ಲಿ ಹೊಂದುವುದಿಲ್ಲವೋ ಆ ಸುತ್ತಿನ ಮೇಲೆ ಗುರುತು ಹಾಕಿ ನನ್ನನ್ನು ಕರೆಯಿರಿ. "ಸರ್, ರನ್ ಆಗ್ತಿಲ್ಲ" ಎನ್ನುವ ಬದಲು "ಸರ್, ಮೂರನೇ ಸುತ್ತಿನಲ್ಲಿ 80 ಇರಬೇಕಿತ್ತು, 72 ಇದೆ" ಎಂದು ಹೇಳಿ. ನಾನು ನಿಮ್ಮ ಬೆಂಚಿಗೆ ಬರುವ ಮುಂಚೆಯೇ ಉತ್ತರ ನಿಮಗೆ ಸಿಕ್ಕಿದ್ದರೂ ಆಶ್ಚರ್ಯವಿಲ್ಲ.